ಒಳಕ್ಕೆ ಬಾಗಿದ ಗೆರೆ

ಹೊಳೆನರಸೀಪುರದಲ್ಲಿ ನನ್ನ ಬಾಡಿಗೆ ರೂಮು
ಜವರಣ್ಣನವರ ಬೇಕರಿಯ ಒಲೆಯ ನೆತ್ತಿಗೆ.
ಮಾರ್ಗಶಿರದ ಚಳಿಗೆ ಬರೀ ಚಾಪೆ ಸಾಕು.
ಬೇಸಗೆಯಲ್ಲಿ ನಾನೂ ಒಂದು ಬನ್ನು.

ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಒಂಬತ್ತು ವರ್ಷದಿಂದ ಅತಿಥಿ.
ಪ್ರತಿ ಜುಲೈಗೂ ಬೋರ್ಡಿನ ಮೇಲೆ ಅದೇ ಚಿತ್ರ:
ನಿಂತ ಅಕ್ಷ ಒಂದು, ಮಲಗಿದ ಅಕ್ಷ ಒಂದು,
ನಡುವೆ ಬಸುರಿಯ ಹೊಟ್ಟೆಯಂತೆ ಹೊರಕ್ಕೆ ಉಬ್ಬಿದ
ಉತ್ಪಾದನಾ ಸಾಧ್ಯತಾ ರೇಖೆ.
ಇದು ಹೆಚ್ಚು ಬೇಕೇ, ಅದನ್ನು ಬಿಡಿ;
ಬಿಡುತ್ತಾ ಹೋದಂತೆ ಬಿಡುವುದೇ ತುಟ್ಟಿ.
ಬರೆದುಕೊಳ್ಳಿ, ಅಂದೆ. ಬರೆದುಕೊಂಡರು.

ಕುಸುಮಲತಾ ಮಾತ್ರ ಕಿರುಪರೀಕ್ಷೆಯಲ್ಲಿ
ಗೆರೆಯನ್ನು ಒಳಕ್ಕೆ ಬಗ್ಗಿಸಿದ್ದಾಳೆ,
ಮೂಲಬಿಂದುವಿನ ಕಡೆಗೆ, ಹಸಿದ ಹೊಟ್ಟೆಯ ಹಾಗೆ.
ಕೆಳಗೆ ಎರಡೇ ಸಾಲು:
"ನಮ್ಮ ದೊಡ್ಡಪ್ಪನ ಒಲೆಯಲ್ಲಿ ಹೀಗೇ ಆಗುವುದು.
ಅರ್ಧರ್ಧ ಮಾಡಿದರೆ ಎರಡೂ ಅರ್ಧಕ್ಕಿಂತ ಕಡಿಮೆ."

ಕೆಂಪು ಪೆನ್ನು ಸೊನ್ನೆ ಸುತ್ತಲು ಹೊರಟು ನಿಂತಿತು.
ಅದು ಮೂವತ್ತೆಂಟನೇ ಪೇಪರು. ಮೊದಲ ಹತ್ತಕ್ಕೆ ಇದ್ದ ಕಣ್ಣು
ಈಗ ಇಲ್ಲ. ಇಳಿಮುಖ ಪ್ರತಿಫಲ ಅನ್ನುವುದು
ನನ್ನ ಮಟ್ಟಿಗೆ ಕತ್ತುನೋವು.
ನೆಲ ಬೆಚ್ಚಗಾಗತೊಡಗಿತು. ಮೂರೂಮುಕ್ಕಾಲು.
ಪೇಪರು ಹಿಡಿದು ಮೆಟ್ಟಿಲಿಳಿದೆ.

"ಸರ್ಯಾಗೇ ಬರ್ದವ್ಳೆ. ನೋಡಿ ಮೇಡಂ,
ಒಂದ್ ಟ್ರೇ ಬೇಯ್ಸಕ್ಕೂ ಒಲೆ ಕಾಯ್ಬೇಕು,
ನಲ್ವತ್ತಕ್ಕೂ ಅಷ್ಟೇ ಕಾಯ್ಬೇಕು.
ಸೌದೆ ಏನ್ ಟ್ರೇ ಎಣಿಸ್ತದಾ?
ದಿನಪೂರ್ತಿ ಬನ್ನು ಅಂದ್ರೆ ಸಾವ್ರದಿನ್ನೂರು.
ಪೂರ್ತಿ ಬಿಸ್ಕತ್ತು ಅಂದ್ರೆ ಅರವತ್ತು ಕೇಜಿ.
ಹೊತ್ತಾರೆ ಅದು, ಮಧ್ಯಾನ ಇದು ಅಂತ ಕುಂತ್ರೆ
ಎಲ್ಡು ಸತಿ ಒಲೆ, ಎಲ್ಡು ಸತಿ ಸೌದೆ.
ನಾನೂರು ಬನ್ನು, ಇಪ್ಪತ್ತು ಕೇಜಿ. ಮಿಕ್ಕಿದ್ದು ಹೊಗೆ."

ಹಿಟ್ಟಿನ ಹಲಗೆಯ ಮೇಲೆ ಬೆರಳಲ್ಲಿ ಗೆರೆ ಎಳೆದೆ.
ಆರುನೂರು, ಮೂವತ್ತು ಇರಬೇಕಿದ್ದ ಜಾಗದ ಕೆಳಗೆ
ಗುಳಿ ಬಿದ್ದಿತ್ತು. ಹೆಚ್ಚುತ್ತಿರುವ ಪ್ರತಿಫಲ,
ಪರೀಕ್ಷೆಗೆ ಬರದೆಂದು ನಾನು ಹಾರಿಸುವ ಪುಟ,
ಇಲ್ಲಿ ಮೈತುಂಬ ಮೈದಾ ಮೆತ್ತಿಕೊಂಡು ನಿಂತಿತ್ತು.

"ಅದ್ಕೇ ಬಸ್‌ಸ್ಟ್ಯಾಂಡಿನ ಇಲಿಯಾಸ್ ಸಾಬ್ರೂ ನಾನೂ ಒಪ್ಕಂಡಿದ್ವಿ,
ಬನ್ನು ನಂದು, ಬಿಸ್ಕತ್ತು ಅವ್ರದು ಅಂತ.
ಇಬ್ರಿಗೂ ಜಾಸ್ತಿ ಗಿಟ್ತು. ಎಲ್ಡು ವರ್ಷ.
ಆಮೇಲೆ ಹಾಸನದಿಂದ ವ್ಯಾನು ಬಂತು ನೋಡಿ.
ಅವ್ರ ಒಲೆ ನಮ್ಮನೆಗಿಂತ ದೊಡ್ದು."

ಒಲೆ ದೊಡ್ಡದಾದಷ್ಟೂ ಬನ್ನು ಅಗ್ಗ,
ಬನ್ನು ಅಗ್ಗವಾದಷ್ಟೂ ಒಲೆ ದೊಡ್ಡದು.
ಇಲಿಯಾಸ್ ಈಗ ಆ ವ್ಯಾನಿಗೇ ಡ್ರೈವರು.

ಮತ್ತೆ ನೀವು ಹೇಗೆ ಉಳಿದಿರಿ, ಅಂದೆ.
ಜವರಣ್ಣ ಒಲೆಯ ಬಾಯಿ ಸರಿಸಿ ಒಳಗೆ ಕೈ ಚಾಚಿ,
ಕಾವನ್ನು ಮಗುವಿನ ಹಣೆಯಂತೆ ನೋಡಿ,
"ನಾನೆಲ್ಲಿ ಅರ್ಧರ್ಧ ಮಾಡ್ತೀನಿ?
ಕಾಯ್ಸೋದು ಒಂದೇ ಸತಿ. ಸುಡೋ ಕಾವಿಗೆ ಬನ್ನು,
ಇಳಿಯೋ ಕಾವಿಗೆ ಬಿಸ್ಕತ್ತು,
ಆರೋ ಕಾವಿಗೆ ಬೀದಿಯೋರ ಕಡ್ಲೆಕಾಯಿ.
ಅದ್ಕೂ ಆಗ್ದಿದ್ ಕಾವು ನಿಮ್ ರೂಮಿಗೆ.
ಬಾಡ್ಗೇಲಿ ಸೇರ್ಸಿಲ್ಲ ಅದ್ನ."

ಒಂದು ಬನ್ನು ಕೈಗಿಟ್ಟರು. ಹೆಬ್ಬೆರಳಲ್ಲಿ ಒತ್ತಿದೆ.
ಉಬ್ಬು ಒಳಕ್ಕೆ ಹೋಯಿತು, ಕುಸುಮಲತಾಳ ಗೆರೆ.
ಬೆರಳು ತೆಗೆದೆ. ಅವಸರವಿಲ್ಲದೆ
ನನ್ನ ಗೆರೆಗೆ ಮರಳಿತು, ಪೂರ್ತಿ ಅಲ್ಲ.

ಐದಕ್ಕೆ ನಾಲ್ಕೂವರೆ ಕೊಟ್ಟೆ.
ಅರ್ಧ ಕಳೆದದ್ದು ಅಕ್ಷಗಳಿಗೆ ಹೆಸರು ಬರೆಯದ್ದಕ್ಕೆ.
ಯಾವುದು ಬನ್ನು, ಯಾವುದು ಬಿಸ್ಕತ್ತು
ನನಗೇನೋ ಗೊತ್ತು. ಫೈನಲ್ ಪರೀಕ್ಷೆಯ ಪೇಪರು ತಿದ್ದುವವರು
ಒಲೆಯ ಮೇಲೆ ಮಲಗಿರುವುದಿಲ್ಲ.